ಕಾರ್ಟೂನಿನ ಪಾದ್ರಿಗಳು: ಸಿಂಪ್ಸನ್ಸ್, ಕಿಂಗ್ ಆಫ್ ದ ಹಿಲ್, ಸೌತ್ ಪಾರ್ಕ್, ಮಾರಲ್ ಒರೆಲ್‌ನಲ್ಲಿ ಯಾವುದನ್ನು ನೋಡಬೇಕು?

ಪಕ್ಕದ ಮನೆಯ ಅಕ್ಕ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟೆಂಟ್ ಸಭೆಯವರು. ಭಾನುವಾರದ ಆರಾಧನೆ ತಪ್ಪಿಸುವವರಲ್ಲ. ಅವರ ಮಗ ಒಂಬತ್ತನೇ ಕ್ಲಾಸು. ಹೋದ ತಿಂಗಳು ಒಂದು ಸಂಜೆ ಬಂದು ಕೇಳಿದರು: “ಇವನು ಯಾವುದೋ ಕಾರ್ಟೂನ್ ಹಾಕಿಕೊಂಡು ಒಬ್ಬನೇ ನಗ್ತಿರ್ತಾನೆ. ಅದರಲ್ಲಿ ಪಾದ್ರಿಯೊಬ್ಬರು ಬರ್ತಾರೆ. ನಾನು ಬೈಯಬೇಕಾ, ಜೊತೆಗೆ ಕೂತು ನೋಡಬೇಕಾ?” ಅದೇ ವಾರ ಎಂ.ಎ. ಓದುತ್ತಿರುವ ಹುಡುಗಿಯೊಬ್ಬಳು ಇನ್ನೊಂದು ಪ್ರಶ್ನೆ ಕಳಿಸಿದ್ದಳು. ಅಮೆರಿಕದ ಹಾಸ್ಯ ಕಾರ್ಟೂನುಗಳಲ್ಲಿ ಕ್ರೈಸ್ತ ಧರ್ಮಗುರುಗಳು ಹೇಗೆ ಬರುತ್ತಾರೆ ಎಂದು ಸೆಮಿನಾರಿಗೆ ಬರೆಯಬೇಕಂತೆ. ಎಲ್ಲವನ್ನೂ ನೋಡಲು ಸಮಯವಿಲ್ಲ, ಎರಡನ್ನು ಆರಿಸಿಕೊಡಿ ಎಂದಿದ್ದಳು.

ಇಬ್ಬರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಈ ಕಾರ್ಟೂನುಗಳನ್ನು ನಾನು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಹೊರಗಿನಿಂದ ಎಲ್ಲವೂ ಒಂದೇ ತರಹ ಕಾಣುತ್ತವೆ, ‘ಧರ್ಮವನ್ನು ಗೇಲಿ ಮಾಡುವ ಕಾರ್ಟೂನ್’ ಅಂತ. ಒಳಗೆ ಹೋದರೆ ಒಂದಕ್ಕೂ ಇನ್ನೊಂದಕ್ಕೂ ತುಂಬಾ ದೂರ ಇದೆ. ಅದಕ್ಕೇ ಇಬ್ಬರಿಗೂ ಹೇಳಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು ಇಟ್ಟುಕೊಳ್ಳೋಣ. ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ಆ ನಿಲುವಂಗಿಯ ಒಳಗೆ ಒಬ್ಬ ಮನುಷ್ಯ ಇದ್ದಾನಾ? ಭಾನುವಾರ ಪೀಠದ ಮೇಲೆ ನಿಂತು ಮಾತಾಡುವ ಪಾದ್ರಿಗೆ ಸೋಮವಾರವೂ ಇರುತ್ತದೆ. ಹೆಂಡತಿ ಇರುತ್ತಾಳೆ, ಸುಸ್ತು ಇರುತ್ತದೆ, ರಾತ್ರಿ ಹೊತ್ತು ಫೋನ್ ಬರುತ್ತದೆ. ಬರೆದವರಿಗೆ ಅವರ ಸೋಮವಾರ ಕಂಡಿದೆಯಾ? ಆಮೇಲೆ, ಚರ್ಚಿನ ಒಳಗಿನ ಬದುಕು ಅವರಿಗೆ ಗೊತ್ತಾ ಅಂತ ನೋಡುತ್ತೇನೆ. ಯಾವ ಬೆಂಚು ಯಾವ ಮನೆಯವರದು, ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ಉದ್ದವಾದರೆ ಜನ ಹೇಗೆ ಒದ್ದಾಡುತ್ತಾರೆ, ಸಭೆಯ ಊಟಕ್ಕೆ ಯಾರು ಏನು ಮಾಡಿ ತರುತ್ತಾರೆ, ಇಂಥವು. ಪೆಟ್ಟು ಯಾರಿಗೆ ಬೀಳುತ್ತದೆ ಅನ್ನುವುದೂ ಮುಖ್ಯ. ನಂಬಿದವರಿಗಾ, ಅಥವಾ ನಂಬಿಕೆಯನ್ನು ಬಳಸಿಕೊಂಡವರಿಗಾ? ಕೊನೆಗೆ ಮನೆಯ ಲೆಕ್ಕ: ಯಾರ ಜೊತೆ ಕೂತು ನೋಡಬಹುದು, ಎಷ್ಟು ಗಂಟೆ ಬೇಕು. ಇಲ್ಲಿ ಬಜೆಟ್ ಅಂದರೆ ದುಡ್ಡಿಗಿಂತ ಸಮಯವೇ ಜಾಸ್ತಿ.

ಇನ್ನೊಂದು ವಿಷಯವನ್ನು ಮೊದಲೇ ತಿಳಿದುಕೊಂಡರೆ ಅರ್ಧ ಜೋಕುಗಳು ತಾವಾಗಿಯೇ ಅರ್ಥವಾಗುತ್ತವೆ. ‘ಫಾದರ್’ ಅಂದರೆ ಕ್ಯಾಥೊಲಿಕ್ ಗುರು. ಅವರಿಗೆ ಮದುವೆ ಇಲ್ಲ, ಅವರ ಮೇಲೆ ಬಿಷಪ್, ಕಾರ್ಡಿನಲ್, ಪೋಪ್ ಅಂತ ಮೇಲಿನವರು ಇರುತ್ತಾರೆ. ಪ್ರಾಟೆಸ್ಟೆಂಟ್ ‘ರೆವರೆಂಡ್’ ಮದುವೆಯಾಗಬಹುದು. ಅವರು ಮೇಲಿನವರಿಗಿಂತ ತಮ್ಮ ಸಭೆಯ ಜನರ ಜೊತೆಗೇ ದಿನವೂ ಏಗಬೇಕು. ಹಾಗಾಗಿ ಕಾರ್ಟೂನಿನಲ್ಲಿ ಫಾದರ್ ಬಂದರೆ ಕಥೆ ಹೆಚ್ಚಾಗಿ ಸಂಸ್ಥೆಯ ಕಡೆ ಹೋಗುತ್ತದೆ, ರೆವರೆಂಡ್ ಬಂದರೆ ಸಭೆಯ ಕಡೆ. ನಮ್ಮಲ್ಲಿ ಇಬ್ಬರನ್ನೂ ‘ಪಾದ್ರಿ’ ಅಂದುಬಿಡುತ್ತೇವೆ, ಅಲ್ವಾ? ಆಗ ಈ ವ್ಯತ್ಯಾಸ ಕಣ್ತಪ್ಪಿ ಹೋಗುತ್ತದೆ.

ದಿ ಸಿಂಪ್ಸನ್ಸ್

1989ರ ಡಿಸೆಂಬರಿನಲ್ಲಿ ಫಾಕ್ಸ್ ಚಾನೆಲ್ಲಿನಲ್ಲಿ ಶುರುವಾದದ್ದು ಇನ್ನೂ ನಡೆಯುತ್ತಿದೆ. ಕಂತುಗಳು 750 ದಾಟಿವೆ. ಎಲ್ಲ ನೋಡುತ್ತೇನೆ ಅಂತ ಹೊರಟರೆ ಮುಗಿಯುವುದಿಲ್ಲ, ಆರಿಸಿಕೊಂಡೇ ನೋಡಬೇಕು. ನಮ್ಮ ವಿಷಯಕ್ಕೆ ಬೇಕಾದವರು ಇಬ್ಬರು. ಸ್ಪ್ರಿಂಗ್‌ಫೀಲ್ಡ್ ಊರಿನ ರೆವರೆಂಡ್ ಟಿಮೊಥಿ ಲವ್‌ಜಾಯ್ ಮತ್ತು ಹೋಮರ್ ಸಿಂಪ್ಸನ್‌ನ ಪಕ್ಕದ ಮನೆಯ ಭಕ್ತ ನೆಡ್ ಫ್ಲ್ಯಾಂಡರ್ಸ್. ಇಬ್ಬರಿಗೂ ದನಿ ಕೊಟ್ಟವರು ಒಬ್ಬರೇ, ಹ್ಯಾರಿ ಶಿಯರರ್. ಒಂದೇ ಗಂಟಲಿನಿಂದ ಬೇಸತ್ತ ಪಾದ್ರಿಯೂ ಬರುತ್ತಾನೆ, ಬೇಸರವೇ ಗೊತ್ತಿಲ್ಲದ ಭಕ್ತನೂ ಬರುತ್ತಾನೆ.

ಒಂದೇ ಕಂತು ನೋಡಲು ಸಮಯ ಇದ್ದರೆ ಎಂಟನೇ ಸೀಸನ್ನಿನ ‘ಇನ್ ಮಾರ್ಜ್ ವಿ ಟ್ರಸ್ಟ್’ ನೋಡಿ. 1997ರದ್ದು. ಎಪ್ಪತ್ತರ ದಶಕದಲ್ಲಿ ಹುರುಪಿನಿಂದ ಊರಿಗೆ ಬಂದ ತರುಣ ಪಾದ್ರಿ ಲವ್‌ಜಾಯ್. ಆಗ ಫ್ಲ್ಯಾಂಡರ್ಸ್ ಒಂದು ಸಣ್ಣ ಸಂದೇಹ ಹಿಡಿದು ಬರುತ್ತಾನೆ. ಆಮೇಲೆ ಇನ್ನೊಂದು, ಮತ್ತೊಂದು. ಹಗಲು ರಾತ್ರಿ ಫೋನ್. ಒಂದು ದಿನ ಲವ್‌ಜಾಯ್‌ಗೆ ಕಾಳಜಿಯೇ ಹೊರಟುಹೋಗುತ್ತದೆ. ಅಷ್ಟು ಹೊತ್ತಿಗೆ ಎಂಬತ್ತರ ದಶಕ ಬಂದಿತ್ತು, ಯಾರೂ ಗಮನಿಸಲಿಲ್ಲ ಎನ್ನುತ್ತಾರೆ. ಜನರ ಕಷ್ಟ ಕೇಳುವ ಕೆಲಸವನ್ನು ಹೋಮರ್‌ನ ಹೆಂಡತಿ ಮಾರ್ಜ್ ಕೈಗೆತ್ತಿಕೊಳ್ಳುತ್ತಾಳೆ, ಎಲ್ಲರೂ ಅವಳ ಹತ್ತಿರವೇ ಹೋಗುತ್ತಾರೆ. ತಾನು ಇಲ್ಲದಿದ್ದರೂ ನಡೆಯುತ್ತದೆ ಅಂತ ಗೊತ್ತಾದ ಪಾದ್ರಿಯ ಮುಖ ನೋಡಬೇಕು. ಕೊನೆಗೆ ಮೃಗಾಲಯದಲ್ಲಿ ಬಬೂನ್ ಕೋತಿಗಳ ನಡುವೆ ಸಿಕ್ಕಿಬಿದ್ದ ಫ್ಲ್ಯಾಂಡರ್ಸ್‌ನನ್ನು ಬಿಡಿಸುವುದು ಅದೇ ಲವ್‌ಜಾಯ್. ತನ್ನನ್ನು ಸುಸ್ತು ಮಾಡಿದವನನ್ನೇ ಉಳಿಸುವಾಗ ಅವರಿಗೆ ತನ್ನ ಕೆಲಸ ಮತ್ತೆ ಸಿಗುತ್ತದೆ. ಸೇವೆ ಮಾಡಿ ದಣಿದವರನ್ನು ಇಷ್ಟು ಹತ್ತಿರದಿಂದ ನೋಡಿದ 22 ನಿಮಿಷಗಳು ಬೇರೆ ಎಲ್ಲೂ ನನಗೆ ಸಿಕ್ಕಿಲ್ಲ.

ಎರಡನೆಯದು ನಾಲ್ಕನೇ ಸೀಸನ್ನಿನ ‘ಹೋಮರ್ ದ ಹೆರೆಟಿಕ್’, 1992ರದ್ದು. ಹೋಮರ್ ಚರ್ಚಿಗೆ ಹೋಗುವುದನ್ನು ಬಿಡುತ್ತಾನೆ. ಕನಸಿನಲ್ಲಿ ದೇವರ ಜೊತೆಗೇ ಮಾತಾಡುತ್ತಾನೆ. ಈ ಕಾರ್ಟೂನಿನಲ್ಲಿ ಎಲ್ಲರಿಗೂ ನಾಲ್ಕೇ ಬೆರಳು, ಆ ಕಂತಿನ ದೇವರಿಗೆ ಐದು. ಗಮನಿಸಿ ನೋಡಿ. ಆಮೇಲೆ ಹೋಮರ್ ಮನೆಗೆ ಬೆಂಕಿ ಬೀಳುತ್ತದೆ. ಒಳಗೆ ನುಗ್ಗಿ ಅವನನ್ನು ಎಳೆದು ತರುವವನು ಫ್ಲ್ಯಾಂಡರ್ಸ್. ಬೆಂಕಿ ಆರಿಸಲು ಬಂದವರಲ್ಲಿ ಯಹೂದಿ ಕೋಡಂಗಿ ಕ್ರಸ್ಟಿ ಇದ್ದಾನೆ, ಅಂಗಡಿಯ ಅಪು ಇದ್ದಾನೆ. ನೆರವಿಗೆ ಬಂದವರ ಹೃದಯದಲ್ಲಿ ದೇವರು ಕೆಲಸ ಮಾಡುತ್ತಿದ್ದ ಎನ್ನುತ್ತಾರೆ ಲವ್‌ಜಾಯ್. ಕ್ರೈಸ್ತ, ಯಹೂದಿ ಎಂದು ಹೇಳಿ ಅಪು ಹತ್ತಿರ ಬಂದಾಗ ‘ಇತ್ಯಾದಿ’ ಅಂದುಬಿಡುತ್ತಾರೆ. ಅಪು ತಕ್ಷಣ ‘ಹಿಂದೂ! ನಾವು 70 ಕೋಟಿ ಜನ ಇದ್ದೇವೆ’ ಎಂದು ನೆನಪಿಸುತ್ತಾನೆ. ನಮಗೆ ಆ ಜಾಗ ಬೇರೆ ತರಹ ತಾಗುತ್ತದೆ. ಪಾದ್ರಿಯ ಮಾತಿನಲ್ಲಿ ನಿಜವಾದ ಅರಿವೂ ಇದೆ, ಪಕ್ಕದ ಮನೆಯವನ ಧರ್ಮದ ಹೆಸರೇ ಬಾರದ ಸಣ್ಣತನವೂ ಇದೆ. ಎರಡೂ ಒಂದೇ ವಾಕ್ಯದಲ್ಲಿ.

ಫ್ಲ್ಯಾಂಡರ್ಸ್‌ಗಾಗಿ ‘ಹರಿಕೇನ್ ನೆಡ್ಡಿ’ ನೋಡಿ, 1996ರ ಡಿಸೆಂಬರಿನದು. ಚಂಡಮಾರುತ ಬಂದು ಇಡೀ ಬೀದಿಯಲ್ಲಿ ಈ ಭಕ್ತನ ಮನೆಯನ್ನೇ ಕೆಡವುತ್ತದೆ. ಬೈಬಲ್ ಹೇಳಿದ್ದನ್ನೆಲ್ಲ ಮಾಡಿದ್ದೇನೆ, ಒಂದಕ್ಕೊಂದು ವಿರುದ್ಧ ಇರುವುದನ್ನೂ ಸೇರಿಸಿ ಮಾಡಿದ್ದೇನೆ ಎಂದು ದೇವರ ಮುಂದೆ ಅಳುತ್ತಾನೆ. ತಪ್ಪು ಮಾಡದೆಯೂ ಎಲ್ಲವನ್ನೂ ಕಳೆದುಕೊಂಡ ಬೈಬಲಿನ ಯೋಬನ ಕಥೆ ಗೊತ್ತಿದ್ದವರಿಗೆ ಇದು ಏನು ಅಂತ ಹೇಳಬೇಕಾಗಿಲ್ಲ.

ಸಿಂಪ್ಸನ್ಸ್‌ನ ತೊಂದರೆ ಅದರ ಉದ್ದ. ಮೊದಮೊದಲು ಫ್ಲ್ಯಾಂಡರ್ಸ್ ಒಬ್ಬ ಒಳ್ಳೆಯ ನೆರೆಯವ. ಸಂಸಾರ, ಅಂಗಡಿ, ತೋಟ ಎಲ್ಲವನ್ನೂ ಚೆನ್ನಾಗಿ ನೋಡಿಕೊಳ್ಳುವವ. ಹೋಮರ್‌ಗೆ ಹೊಟ್ಟೆಕಿಚ್ಚು ಬರುವುದು ಅದಕ್ಕೇ. ಬರುಬರುತ್ತಾ ಭಕ್ತಿಯೊಂದೇ ಉಳಿದು ಮಿಕ್ಕಿದ್ದೆಲ್ಲ ಸವೆದುಹೋಯಿತು. ಒಂದು ಪಾತ್ರ ಹೀಗೆ ಒಂದೇ ಗುಣಕ್ಕೆ ಇಳಿದುಹೋಗುವುದಕ್ಕೆ ಇಂಗ್ಲಿಷಿನಲ್ಲಿ ‘ಫ್ಲ್ಯಾಂಡರೈಸೇಶನ್’ ಎಂಬ ಪದವೇ ಇವನಿಂದ ಹುಟ್ಟಿತು. ಹಾಗಾಗಿ ಮೊದಲ ಎಂಟು ಹತ್ತು ಸೀಸನ್ನುಗಳ ಒಳಗೇ ಇರಿ. ಒಂದು ಮಾತು ನೆನಪಿರಲಿ: 2010ರಲ್ಲಿ ವ್ಯಾಟಿಕನ್ನಿನ ಪತ್ರಿಕೆ ಲೊಸ್ಸೆರ್ವತೋರೆ ರೊಮಾನೊ ಈ ಕುಟುಂಬವನ್ನು ಮೆಚ್ಚಿ, ಅವರು ಕ್ಯಾಥೊಲಿಕರೇ ಎಂಬ ಅರ್ಥದಲ್ಲಿ ಬರೆದಿತ್ತು. ಕಾರ್ಟೂನಿನೊಳಗೆ ಅವರ ಪಂಥದ ಹೆಸರು ‘ಪ್ರೆಸ್ಬಿಲೂಥರನ್’, ಎರಡು ಪ್ರಾಟೆಸ್ಟೆಂಟ್ ಪಂಥಗಳನ್ನು ಕೂಡಿಸಿ ಕಟ್ಟಿದ್ದು. ಮನೆಯಲ್ಲಿ ಹದಿಮೂರು ಹದಿನಾಲ್ಕರ ಮಕ್ಕಳ ಜೊತೆ ಕೂತು ನೋಡಬಹುದು.

ಕಿಂಗ್ ಆಫ್ ದ ಹಿಲ್

ನನ್ನನ್ನು ಕೇಳಿದರೆ ಚರ್ಚಿನ ದಿನನಿತ್ಯದ ಬದುಕು ಸರಿಯಾಗಿ ಬಂದಿರುವುದು ಇದರಲ್ಲಿ. ನಮ್ಮ ಕಡೆ ಇದರ ಹೆಸರು ಕೇಳಿದವರು ಕಡಿಮೆ. 1997ರಿಂದ 2010ರವರೆಗೆ 13 ಸೀಸನ್ ನಡೆಯಿತು, 2025ರಲ್ಲಿ ಮತ್ತೆ ಬಂತು. ಟೆಕ್ಸಸ್‌ನ ಆರ್ಲೆನ್ ಎಂಬ ಕಲ್ಪನೆಯ ಊರು. ಹ್ಯಾಂಕ್ ಹಿಲ್ ಪ್ರೊಪೇನ್ ಗ್ಯಾಸ್ ಮಾರುವವನು, ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಥದ ಸಭೆಯವನು. ದೇವರ ಬಗ್ಗೆ ಮಾತಾಡಲು ಅವನಿಗೆ ಸಂಕೋಚ. ಆದರೆ ಭಾನುವಾರ ತನ್ನ ಬೆಂಚಿನಲ್ಲಿ ಕೂರದಿದ್ದರೆ ಅವನಿಗೆ ಸಮಾಧಾನ ಇಲ್ಲ.

ಇಲ್ಲಿಯ ಪಾದ್ರಿ ಹೆಂಗಸು, ರೆವರೆಂಡ್ ಕ್ಯಾರೆನ್ ಸ್ಟ್ರೂಪ್. ಮಿನೆಸೋಟಾದಿಂದ ಬಂದವರು. 1999ರ ‘ರಿವೆಂಜ್ ಆಫ್ ದ ಲೂಟಫಿಸ್ಕ್’ ಕಂತಿನಲ್ಲಿ ಮೊದಲ ಸಲ ಬರುತ್ತಾರೆ. ಆ ಕಂತಿನಲ್ಲಿ ಅವರಿಗೆ ದನಿ ಕೊಟ್ಟವರು ಹೆಸರಾಂತ ನಟಿ ಮೇರಿ ಟೈಲರ್ ಮೂರ್. ಹೊಸ ಪಾದ್ರಿ ತನ್ನ ಊರಿನ ತಿಂಡಿ ತರುತ್ತಾರೆ. ಅದೇ ಲೂಟಫಿಸ್ಕ್: ಕ್ಷಾರದಲ್ಲಿ ನೆನೆಸಿದ ಒಣಮೀನು, ನಾರ್ವೆ ಮೂಲದ ಅಡುಗೆ. ಹ್ಯಾಂಕ್‌ನ ಮಗ ಬಾಬಿ ಅದನ್ನೆಲ್ಲ ತಿಂದು, ಚರ್ಚಿನ ಶೌಚಾಲಯದಲ್ಲಿ ವಾಸನೆ ಹೋಗಲಿ ಅಂತ ಕಡ್ಡಿ ಗೀರಿ, ಚರ್ಚಿಗೇ ಬೆಂಕಿ ಬೀಳುತ್ತದೆ. ಹೆಂಗಸು ಪಾದ್ರಿಯಾಗುವುದನ್ನು ಒಪ್ಪದೆ ಕೂಗಾಡುತ್ತಿದ್ದ ತಾತ ಕಾಟನ್ ಮೇಲೆ ಎಲ್ಲರಿಗೂ ಅನುಮಾನ. ಮೊಮ್ಮಗನಿಗಾಗಿ ಆ ಮುದುಕ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಅಮೆರಿಕದ ಮೆಥಡಿಸ್ಟರು ಹೆಂಗಸರಿಗೆ ಪೂರ್ತಿ ಪಾದ್ರಿ ಹಕ್ಕು ಕೊಟ್ಟಿದ್ದು 1956ರಲ್ಲಿ. ನಾಲ್ಕು ದಶಕ ಕಳೆದರೂ ಸಣ್ಣ ಊರಿನ ಬೆಂಚುಗಳಲ್ಲಿ ಅದು ಇನ್ನೂ ಗಂಟಲಲ್ಲಿ ಇಳಿಯದ ಸಂಗತಿ. ಕಂತು ಅದನ್ನು ಭಾಷಣ ಮಾಡದೆ ತೋರಿಸುತ್ತದೆ.

ಇನ್ನೊಂದು, 2003ರ ‘ರೀಬಾರ್ನ್ ಟು ಬಿ ವೈಲ್ಡ್’. ಮಗ ಬಾಬಿ ಹಚ್ಚೆ, ಸ್ಕೇಟ್‌ಬೋರ್ಡ್, ರಾಕ್ ಸಂಗೀತದ ಹೊಸ ಶೈಲಿಯ ಯುವ ಪಾಸ್ಟರ್ ಹಿಂದೆ ಹೋಗುತ್ತಾನೆ. ನೀವು ಕ್ರೈಸ್ತ ಧರ್ಮವನ್ನು ಚೆನ್ನಾಗಿಸುತ್ತಿಲ್ಲ, ರಾಕ್ ಸಂಗೀತವನ್ನು ಕೆಡಿಸುತ್ತಿದ್ದೀರಿ ಎಂದು ಹ್ಯಾಂಕ್ ಅವರಿಗೆ ಹೇಳುತ್ತಾನೆ. ಅದು ನಗಿಸುವ ಮಾತು. ಆಮೇಲೆ ಮಗನಿಗೆ ಒಂದು ಪೆಟ್ಟಿಗೆ ತೋರಿಸುತ್ತಾನೆ. ಬಾಬಿ ಒಂದು ಕಾಲಕ್ಕೆ ಹುಚ್ಚಾಗಿ ಇಷ್ಟಪಟ್ಟು ಆಮೇಲೆ ಬಿಟ್ಟ ವಸ್ತುಗಳೆಲ್ಲ ಅದರಲ್ಲಿವೆ. ದೇವರೂ ಈ ಪೆಟ್ಟಿಗೆಯೊಳಗೆ ಸೇರಿಹೋಗುವುದು ನನಗೆ ಬೇಡ ಎನ್ನುತ್ತಾನೆ. ನಂಬಿಕೆ ಇರುವ ಅಪ್ಪ ಅಮ್ಮಂದಿರು ಯಾರೇ ಆಗಲಿ, ಯಾವ ಧರ್ಮದವರೇ ಆಗಲಿ, ಈ ದೃಶ್ಯ ನೋಡಬೇಕು. 2006ರ ‘ಚರ್ಚ್ ಹಾಪಿಂಗ್’ ಕಂತಿನಲ್ಲಿ ತಮ್ಮ ಬೆಂಚು ಬೇರೆ ಮನೆಯವರ ಪಾಲಾಯಿತು ಅಂತ ಹಿಲ್ ಕುಟುಂಬ ಚರ್ಚಿನಿಂದ ಚರ್ಚಿಗೆ ಅಲೆಯುತ್ತದೆ. ಟೆಕ್ಸಸ್‌ಗೆ ಹೊಸದಾಗಿ ಹೋದ ಕನ್ನಡಿಗರಿಗೆ ಅಲ್ಲಿಯ ಭಾರೀ ಮೆಗಾಚರ್ಚುಗಳು ಏನು ಅಂತ ತಿಳಿಯಲು ಇದೊಂದು ಸಾಕು.

ಇದರ ಕೊರತೆ ಇಷ್ಟೇ: ಸ್ಟ್ರೂಪ್ ಬರುವ ಕಂತುಗಳು ಕಡಿಮೆ. ಬಣ್ಣ, ಓಟ, ಕುಣಿತ ಇಲ್ಲ, ಜನ ಬೇಲಿಯ ಹತ್ತಿರ ನಿಂತು ಬಿಯರ್ ಕುಡಿಯುತ್ತಾ ಮಾತಾಡುತ್ತಾರೆ. ಸಿಂಪ್ಸನ್ಸ್‌ನ ವೇಗಕ್ಕೆ ಒಗ್ಗಿದ ಹುಡುಗರಿಗೆ ಮೊದಲ ಹತ್ತು ನಿಮಿಷ ನಿಧಾನ ಅನ್ನಿಸಬಹುದು. ಟೆಕ್ಸಸ್ ಉಚ್ಚಾರ ಬೇರೆ, ಸಬ್‌ಟೈಟಲ್ ಹಾಕಿಕೊಳ್ಳಿ.

ಸೌತ್ ಪಾರ್ಕ್

ಇದು 1997ರ ಆಗಸ್ಟಿನಿಂದ ಕಾಮೆಡಿ ಸೆಂಟ್ರಲ್ ಚಾನೆಲ್ಲಿನಲ್ಲಿ ಬರುತ್ತಿದೆ. ದೊಡ್ಡವರಿಗೆ ಮಾತ್ರ. ಬೈಗುಳ, ಅಶ್ಲೀಲ, ರಕ್ತ ಎಲ್ಲ ಇದೆ, ಮಕ್ಕಳ ಕೈಗೆ ಬೇಡವೇ ಬೇಡ. ಯೇಸು ಇಲ್ಲಿ ಊರಲ್ಲೇ ವಾಸ ಮಾಡುತ್ತಾನೆ, ಟಿ.ವಿ.ಯಲ್ಲಿ ಜನರ ಕರೆಗಳಿಗೆ ಉತ್ತರ ಕೊಡುವ ಕಾರ್ಯಕ್ರಮ ನಡೆಸುತ್ತಾನೆ. ಯೇಸುವನ್ನು ಪಾತ್ರವಾಗಿ ಗೇಲಿ ಮಾಡುವುದೇ ನೋವು ಕೊಡುತ್ತದೆ ಎನ್ನುವವರು ಇಲ್ಲೇ ನಿಲ್ಲಿ. ಆ ನೋವಿಗೆ ಬೆಲೆ ಇದೆ. ಅದನ್ನು ನುಂಗಿಕೊಂಡು ನೋಡಲೇಬೇಕಾದ್ದು ಏನೂ ಇಲ್ಲ. 2005ರ ಡಿಸೆಂಬರಿನ ‘ಬ್ಲಡಿ ಮೇರಿ’ ಕಂತಿನಲ್ಲಿ ಮರಿಯಮ್ಮನ ವಿಗ್ರಹವನ್ನು ತೋರಿಸಿದ ರೀತಿಗೆ ಅಮೆರಿಕದಲ್ಲಿ ಕ್ಯಾಥೊಲಿಕ್ ಲೀಗ್ ಪ್ರತಿಭಟಿಸಿತು. ನ್ಯೂಜಿಲೆಂಡಿನಲ್ಲಿ ಬಿಷಪ್ಪರು ಚಾನೆಲ್ಲನ್ನೇ ಬಹಿಷ್ಕರಿಸಲು ಕರೆಕೊಟ್ಟರು. ನನಗೂ ಆ ಕಂತಿನಲ್ಲಿ ಪೆಟ್ಟು ಸಾಮಾನ್ಯ ಭಕ್ತರ ಮೇಲೆಯೇ ಬಿತ್ತು ಅನ್ನಿಸಿತು.

ಆದರೂ ಇದನ್ನು ಪಟ್ಟಿಯಿಂದ ತೆಗೆಯಲು ಮನಸ್ಸು ಬರುವುದಿಲ್ಲ. ಕಾರಣ 2002ರ ಜುಲೈನಲ್ಲಿ ಬಂದ ‘ರೆಡ್ ಹಾಟ್ ಕ್ಯಾಥೊಲಿಕ್ ಲವ್’. ಅದೇ ವರ್ಷದ ಜನವರಿಯಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಗುರುಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವನ್ನೂ, ಮೇಲಿನವರು ಅದನ್ನು ಮುಚ್ಚಿಟ್ಟದ್ದನ್ನೂ ಬಯಲಿಗೆ ತಂದಿತ್ತು. ಕಾರ್ಟೂನಿನ ಫಾದರ್ ಮ್ಯಾಕ್ಸಿ ಒಬ್ಬ ಸಾಮಾನ್ಯ ಊರ ಪಾದ್ರಿ. ಅವರು ಇದನ್ನು ಕೇಳಲು ವ್ಯಾಟಿಕನ್‌ವರೆಗೆ ಹೋಗುತ್ತಾರೆ. ಅಲ್ಲಿದ್ದವರ ಚಿಂತೆ ತಪ್ಪನ್ನು ನಿಲ್ಲಿಸುವುದಲ್ಲ, ಸುದ್ದಿಯನ್ನು ನಿಲ್ಲಿಸುವುದು. ಹೊರಗಿನ ಲೋಕದ ಸಂಪರ್ಕವನ್ನೇ ನೀವು ಕಳೆದುಕೊಂಡಿದ್ದೀರಿ ಎಂದು ಅವರ ಮುಂದೆಯೇ ಹೇಳುತ್ತಾರೆ ಮ್ಯಾಕ್ಸಿ. ಆಚೆ ಊರಲ್ಲಿ ಸಿಟ್ಟಿನಿಂದ ನಾಸ್ತಿಕರಾದ ಅಪ್ಪ ಅಮ್ಮಂದಿರನ್ನೂ ಕಂತು ಸುಮ್ನೆ ಬಿಡುವುದಿಲ್ಲ. ನಡುವೆ ಬರುವ ಹೊಲಸು ಜೋಕುಗಳನ್ನು ದಾಟಿಕೊಂಡು ಹೋಗಬೇಕು, ಅದೇ ಇದರ ಬೆಲೆ. ಒಳಗೇ ಇದ್ದು ಪ್ರಶ್ನೆ ಕೇಳುವ ಗುರುವನ್ನು ನೋಡಬೇಕು ಅನ್ನುವವರು ಆ ಬೆಲೆ ಕೊಡಬಹುದು.

ಮಾರಲ್ ಒರೆಲ್

ಈ ನಾಲ್ಕರಲ್ಲಿ ಸಮಯದ ಲೆಕ್ಕದಲ್ಲಿ ಅಗ್ಗ, ಮನಸ್ಸಿನ ಲೆಕ್ಕದಲ್ಲಿ ದುಬಾರಿ. 2005ರಿಂದ 2008ರವರೆಗೆ ಅಡಲ್ಟ್ ಸ್ವಿಮ್ ಎಂಬ ಅಮೆರಿಕದ ಚಾನೆಲ್ಲಿನಲ್ಲಿ ಬಂತು. 43 ಕಂತು, ಒಂದೊಂದೂ ಸುಮಾರು 11 ನಿಮಿಷ. ಎಂಟು ಗಂಟೆಯೊಳಗೆ ಪೂರ್ತಿ ಮುಗಿಯುತ್ತದೆ. ಗೊಂಬೆಗಳನ್ನು ಒಂದೊಂದೇ ಚಿತ್ರಕ್ಕೆ ಸರಿಸಿ ಮಾಡಿದ್ದು. 1960ರ ದಶಕದಲ್ಲಿ ಲೂಥರನ್ ಚರ್ಚಿನವರು ಮಕ್ಕಳಿಗಾಗಿ ಮಾಡಿಸಿದ ‘ಡೇವಿ ಅಂಡ್ ಗೊಲಯತ್’ ಎಂಬ ಗೊಂಬೆ ಕಾರ್ಯಕ್ರಮದ ರೂಪವನ್ನೇ ಇಟ್ಟುಕೊಂಡು ಡಿನೋ ಸ್ಟಮಾಟೊಪೌಲಸ್ ಇದನ್ನು ಕಟ್ಟಿದರು.

ಒರೆಲ್ ಒಬ್ಬ ಮುಗ್ಧ ಹುಡುಗ. ಭಾನುವಾರ ರೆವರೆಂಡ್ ಪಟಿ ಹೇಳಿದ್ದನ್ನೆಲ್ಲ ನಂಬುತ್ತಾನೆ, ಅಕ್ಷರಶಃ ಪಾಲಿಸಲು ಹೋಗಿ ಅನಾಹುತ ಮಾಡುತ್ತಾನೆ. ಆಮೇಲೆ ಅಪ್ಪ ಕ್ಲೇ ಕೋಣೆಗೆ ಕರೆದು ಬೆಲ್ಟಿನಿಂದ ಹೊಡೆದು, ತಪ್ಪೇ ಅಲ್ಲದ ಯಾವುದಕ್ಕೋ ಬುದ್ಧಿ ಹೇಳುತ್ತಾನೆ. ಮೊದಲ ಸೀಸನ್ನಿನಲ್ಲಿ ಇದು ಒಂದೇ ಅಚ್ಚಿನ ಜೋಕು, ಕೆಲವು ತೀರಾ ಅಸಹ್ಯ. ಎರಡನೇ ಸೀಸನ್ನಿನ ಕೊನೆಯ ‘ನೇಚರ್’ ಕಂತುಗಳಲ್ಲಿ ಅಪ್ಪ ಬೇಟೆಗೆ ಕರೆದುಕೊಂಡು ಹೋಗಿ, ಕುಡಿದು, ಮಗನ ಕಾಲಿಗೆ ಗುಂಡು ಹಾರಿಸುತ್ತಾನೆ. ಅಲ್ಲಿಂದ ನಗು ನಿಲ್ಲುತ್ತದೆ. ಮೂರನೇ ಸೀಸನ್ 13 ಕಂತಿಗೇ ನಿಂತಿತು, ಅಷ್ಟು ಕತ್ತಲೆ ಅದು. ಆ ಕತ್ತಲೆಯಲ್ಲೇ ರೆವರೆಂಡ್ ಪಟಿ ಮನುಷ್ಯನಾಗುತ್ತಾರೆ. ಕಹಿಯಾಗಿ ಪ್ರಸಂಗ ಮಾಡುವ ಈ ಗಂಡಸು ಮನೆಯಲ್ಲಿ ಎಷ್ಟು ಒಂಟಿ ಅಂತ ಕಾಣುತ್ತದೆ. ತನಗೊಬ್ಬಳು ಬೆಳೆದ ಮಗಳಿದ್ದಾಳೆ ಎಂದು ಗೊತ್ತಾದ ಮೇಲೆ ಅವರ ದನಿಯೇ ಮೆತ್ತಗಾಗುತ್ತದೆ. ಊರೆಲ್ಲ ದೇವರ ಹೆಸರಲ್ಲಿ ಒಬ್ಬರನ್ನೊಬ್ಬರು ನೋಯಿಸುತ್ತಾರೆ, ನಿಜವಾಗಿ ದೇವರನ್ನು ನಂಬಿದವನು ಒರೆಲ್ ಒಬ್ಬನೇ. ಪೆಟ್ಟು ತಿಂದು ಬೆಳೆದವರು ಇದನ್ನು ಒಬ್ಬರೇ ಕೂತು ನೋಡಬೇಡಿ. ಮನೆಯಲ್ಲಿ ಕುಡಿತ, ಹೊಡೆತ ಕಂಡವರಿಗೆ ಹಳೆಯ ಗಾಯ ಬಿಚ್ಚುತ್ತದೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ಫ್ಯಾಮಿಲಿ ಗೈಯಲ್ಲಿ ಯೇಸು ಆಗಾಗ ಬರುತ್ತಾನೆ. 2008ರ ಒಂದು ಕಂತಿನಲ್ಲಿ ಕ್ಯಾಸೆಟ್, ರೆಕಾರ್ಡ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದು ಆಮೇಲೆ ಪ್ರಸಿದ್ಧನಾಗಿ ಕೆಡುತ್ತಾನೆ. ಚರ್ಚಿನ ಬದುಕು ಅದರಲ್ಲಿ ಇಲ್ಲ, ನಾನು ಶಿಫಾರಸು ಮಾಡುವುದಿಲ್ಲ. 2000ದ ‘ಗಾಡ್, ದ ಡೆವಿಲ್ ಅಂಡ್ ಬಾಬ್’ ಮೆತ್ತಗಿನ ಕಾರ್ಯಕ್ರಮ, ದೇವರಿಗೆ ನಟ ಜೇಮ್ಸ್ ಗಾರ್ನರ್ ದನಿ. ಆದರೂ ವಿರೋಧ ಬಂದು ಎನ್‌ಬಿಸಿ ಚಾನೆಲ್ 4 ಕಂತಿಗೇ ನಿಲ್ಲಿಸಿತು. ಚಿಕ್ಕ ಮಕ್ಕಳಿದ್ದರೆ ನೇರವಾಗಿ ವೆಜ್ಜೀಟೇಲ್ಸ್‌ಗೆ ಹೋಗಿ. ನಂಬುವವರೇ ಮಾಡಿದ್ದು, ಟೊಮ್ಯಾಟೊ ಸೌತೆಕಾಯಿಗಳು ಬೈಬಲ್ ಕಥೆ ಆಡುತ್ತವೆ. ಯೇಸುವನ್ನು ಮಾತ್ರ ತರಕಾರಿ ಮಾಡಬಾರದು ಎಂದು ಅವರೇ ನಿಯಮ ಹಾಕಿಕೊಂಡಿದ್ದರು. ಅದು ನನಗೆ ತುಂಬಾ ಹಿಡಿಸಿತು.

ಸೆಮಿನಾರಿನ ಹುಡುಗಿಗೆ ನಾನು ಹೇಳಿದ್ದು ಲವ್‌ಜಾಯ್ ಮತ್ತು ಪಟಿ. ಇಬ್ಬರೂ ಸುಸ್ತಾದ ಪ್ರಾಟೆಸ್ಟೆಂಟ್ ಪಾದ್ರಿಗಳೇ. ಒಬ್ಬರ ಸುಸ್ತು ನೆರೆಯವನಿಂದ ಬಂದು ನೆರೆಯವನಿಂದಲೇ ವಾಸಿಯಾಗುತ್ತದೆ. ಇನ್ನೊಬ್ಬರ ಸುಸ್ತು ಒಂಟಿತನದ್ದು, ಅದು ಊರಿನ ಮಕ್ಕಳ ಮೇಲೆ ಇಳಿಯುತ್ತದೆ. ಹತ್ತು ಗಂಟೆಯಲ್ಲಿ ಎರಡನ್ನೂ ನೋಡಿ ಬರೆಯಬಹುದು. ಸಂಸ್ಥೆಯ ಬಗ್ಗೆ ಬರೆಯುವುದಾದರೆ ಮಾತ್ರ ಪಟಿಯ ಜಾಗಕ್ಕೆ ಮ್ಯಾಕ್ಸಿ.

ಅಕ್ಕನಿಗೆ ಬೈಯಬೇಡಿ, ಜೊತೆಗೆ ಕೂತುಕೊಳ್ಳಿ ಅಂದೆ. ‘ಇನ್ ಮಾರ್ಜ್ ವಿ ಟ್ರಸ್ಟ್’ ಹಾಕಿಕೊಟ್ಟೆ. ಮಗ ಬಬೂನ್ ದೃಶ್ಯಕ್ಕೆ ಬಿದ್ದು ಬಿದ್ದು ನಕ್ಕನಂತೆ. ಅಕ್ಕ ನಗಲಿಲ್ಲವಂತೆ. “ನಮ್ಮ ಪಾಸ್ಟರ್‌ಗೂ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡ್ತೀವಲ್ಲ ನಾವು” ಅಂದರು ಮಾರನೇ ದಿನ. ಈ ಶನಿವಾರಕ್ಕೆ ಇಬ್ಬರೂ ಒಣಮೀನಿನ ಕಂತು ಇಟ್ಟುಕೊಂಡಿದ್ದಾರೆ.